ಅತ್ತೆಯ ಎದುರು ಕೇಳಿದ ಪ್ರಶ್ನೆ

ತಾಯಿ ಕಾರ್ಡ್ ತುಂಬುವಾಗ ಗರ್ಭಿಣಿಯನ್ನು ಒಂದು ಮಾತು ಕೇಳಲೇಬೇಕು: ತಂಬಾಕು, ಕುಡಿತ, ಏನಾದರೂ ಅಭ್ಯಾಸ ಇದೆಯಾ? ಹೂಟಗಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಮನೆಮನೆ ಸುತ್ತುವ ನಾನು ಇದನ್ನು ವರ್ಷಗಟ್ಟಲೆ ಹೊಸ್ತಿಲಲ್ಲಿ ನಿಂತೇ ಕೇಳಿದ್ದೇನೆ. ಒಳಗೆ ಅತ್ತೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿರುತ್ತಿದ್ದರು. ಸೊಸೆ ಅವರ ಮುಖ ನೋಡಿ "ಇಲ್ಲಕ್ಕ" ಅನ್ನುತ್ತಿದ್ದಳು. ನಾನು "ಇಲ್ಲ" ಎಂದು ಬರೆದು, ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ. ಎಂಥ ದಡ್ಡಿ ನಾನು! ಅತ್ತೆಯ ಎದುರು ಯಾವ ಸೊಸೆ ಹೌದು ಅಂದಾಳು?

ದಡ್ಡಿ ಅನ್ನುವುದೂ ಸುಳ್ಳೇ. ನನಗೆ ಎಲ್ಲ ಗೊತ್ತಿತ್ತು. ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ನಾನೂ ಎಲೆಗೆ ಕಡ್ಡಿಪುಡಿ ಸೇರಿಸಿ ಅಗಿದವಳು. ಹೊಗೆಸೊಪ್ಪಿನ ಪುಡಿ ಅದು. ವಾಂತಿ ನಿಲ್ಲುತ್ತದೆ ಅಂತ ಅಕ್ಕಪಕ್ಕದವರೇ ಕೊಟ್ಟಿದ್ದರು. ನಾಚಿಕೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಹೋದ ವರ್ಷ ಕಾರ್ಖಾನೆ ಕೆಲಸಗಾರನೊಬ್ಬನ ಹೆಂಡತಿ ಐದು ತಿಂಗಳ ಬಸುರಿ. ಮೊದಲ ಮಗು ತೂಕವಿಲ್ಲದೆ ಹುಟ್ಟಿ ಹನ್ನೊಂದು ದಿನಕ್ಕೇ ಹೋಗಿತ್ತು. ಇವಳ ಕಾರ್ಡಿನಲ್ಲೂ "ಇಲ್ಲ" ಎಂದೇ ಬರೆದಿದ್ದೆ. ಒಂದು ಬೆಳಿಗ್ಗೆ ಅವಳು ಹಿತ್ತಲ ಮೋರಿಗೆ ಕೆಂಪಗೆ ಉಗಿಯುವುದು ಕಣ್ಣಿಗೆ ಬಿತ್ತು. ಬಟ್ಟೆ ಒಣಹಾಕಲು ಕೈ ಜೋಡಿಸುವ ನೆಪ ಮಾಡಿ ಅವಳನ್ನು ತಾರಸಿಗೆ ಕರೆದೊಯ್ದೆ.

"ನಾನೂ ಹಾಕ್ತಿದ್ದೆ ಕಣಮ್ಮ, ಬುಟ್ಬುಟ್ಟೆ. ನೀನೂ ಬುಡು. ಮಗೂಗೆ ಒಳ್ಳೇದಲ್ಲ," ಅಂದೆ.

ಅವಳು ಕೈಯಲ್ಲಿದ್ದ ಒದ್ದೆ ಲಂಗವನ್ನು ಹಿಂಡುತ್ತಲೇ ಇದ್ದಳು. "ಅಕ್ಕ, ಮೊದಲನೇದು ನನ್ನಿಂದ್ಲೇ ಹೋಯ್ತಾ?"

"ಅದು ಯಾರಿಗೂ ಗೊತ್ತಾಗಲ್ಲ ಕಣಮ್ಮ. ಇದನ್ನ ನೋಡ್ಕೊಳಾಣ."

ಹೇಳುವಷ್ಟರಲ್ಲಿ ನನಗೇ ಅಳು ತಡೆಯಲಾಗಲಿಲ್ಲ. ಅವಳನ್ನು ಕೇಳಿಯೇ ಕಾರ್ಡಿನಲ್ಲಿ "ಇಲ್ಲ" ಹೊಡೆದುಹಾಕಿ "ಇದೆ" ಎಂದು ತಿದ್ದಿದೆ. ಡಾಕ್ಟರಿಗೆ ಗೊತ್ತಾದರೆ ಬಿಡಲು ನೆರವಾಗುತ್ತಾರೆ ಎಂದು ನಂಬಿದ್ದೆ.

ಆಸ್ಪತ್ರೆಯ ಮುಂದಿನ ತಪಾಸಣೆಗೆ ಅವಳ ಅತ್ತೆಯೂ ಜೊತೆಗೆ ಬಂದರು. ಸಾಲಿನಲ್ಲಿ ಇಪ್ಪತ್ತು ಹೆಂಗಸರಿದ್ದರು. ನರ್ಸಮ್ಮ ಕಾರ್ಡ್ ನೋಡಿದವರೇ ಎಲ್ಲರಿಗೂ ಕೇಳುವಂತೆ, "ಹೊಗೆಸೊಪ್ಪು ಅಗಿಯೋಕೆ ನಾಚಿಕೆ ಆಗಲ್ವಾ? ಒಂದನ್ನ ತಿಂದಿದ್ದಾಯ್ತು, ಇನ್ನೊಂದೂ ಬೇಕಾ?" ಅಂದುಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸಾಲಿನಲ್ಲಿ ಮೂವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗಿ ಕಾರ್ಡ್ ಕಿತ್ತುಕೊಂಡು ಬಾಗಿಲ ಕಡೆ ನಡೆದಳು. ಆ ಬಾಗಿಲು ದಾಟಿದರೆ ಅವಳು ಹೆರಿಗೆಯ ತನಕ ಇತ್ತ ತಲೆ ಹಾಕುವುದಿಲ್ಲ. ಅಂಥವರನ್ನು ನಾನು ಕಂಡಿದ್ದೇನೆ.

ನನಗೆ ಪಿತ್ತ ನೆತ್ತಿಗೇರಿತು.

"ನನ್ನನ್ನೂ ಬೈಯ್ರಿ. ನಾನೂ ಬಸುರೀಲಿ ಕಡ್ಡಿಪುಡಿ ಹಾಕ್ದೋಳೇ. ನಿಜ ಹೇಳ್ದೋಳಿಗೆ ಇಂಥ ಮರ್ಯಾದೆ ಮಾಡಿದ್ರೆ ನಾಳೆಯಿಂದ ಯಾರ್ರೀ ಬಾಯ್ಬಿಡ್ತಾರೆ?"

"ನಿಮ್ಮ ಮೇಲೆ ಕಂಪ್ಲೇಂಟ್ ಬರೀತೀನಿ," ಅಂದರು ನರ್ಸಮ್ಮ.

"ಬರೀರಿ. ಕೆಳಗೆ ನಾನೇ ರುಜು ಹಾಕ್ಕೊಡ್ತೀನಿ."

ಆಗ ಅತ್ತೆ ಬೆಂಚಿನಿಂದ ಎದ್ದರು. ಅಷ್ಟು ದಿನ ಅವರ ಮೇಲೆ ನನಗಿದ್ದ ಕೋಪ ಅಷ್ಟಿಷ್ಟಲ್ಲ.

"ಅವಳ ಬಾಯ್ಗೆ ಆಕ್ದೋಳು ನಾನು ಕಣಮ್ಮ. ನಮ್ಮತ್ತೆ ನಂಗೆ ಕೊಟ್ಟಿದ್ರು, ನಾನು ಇವಳ್ಗೆ ಕೊಟ್ಟೆ. ಬೈಯೋದಾದ್ರೆ ನನ್ನ ಬೈರಿ, ಅವಳ ಸುದ್ದಿಗೆ ಓಗ್ಬೇಡಿ."

ನರ್ಸಮ್ಮ ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಹುಡುಗಿ ವಾಪಸು ಬಂದು, ಮುದುರಿಹೋಗಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಬುಟ್ಟು ಒಂಬತ್ ದಿನ ಆಯ್ತು," ಅಂದಳು. "ಅದಕ್ಕೊಂದ್ ಒಳ್ಳೇ ಮಾತು ಹೇಳಲ್ವಾ ನೀವು?"