ವೀರಬಸಪ್ಪನವರ ಕಿವಿ

ಆರ್.ಟಿ. ನಗರದಲ್ಲಿ ರೇಡಿಯೊ ರಿಪೇರಿ ಮಾಡುವ ವೀರಬಸಪ್ಪನವರ ಕಿವಿಯನ್ನು ಹೊಗಳದವರಿಲ್ಲ. ನಾನೂ ಹೊಗಳಿದವನೇ. ಈಗ ಆ ಕಿವಿ ಕಂಡರೆ ಮೈ ಉರಿಯುತ್ತದೆ.

ಗದಗಿನ ಕಡೆಯವರು. ಮೂವತ್ತು ವರ್ಷದಿಂದ ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಅಂಗಡಿ, ಅದರ ಹಿಂದೆಯೇ ಸಂಸಾರ. ರಿಪೇರಿಯಾದ ಸೆಟ್ಟನ್ನು ಹಾಗೇ ಕೊಟ್ಟವರಲ್ಲ. ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ಸಿಗ್ನಲ್ ಬರುವ ದಿಕ್ಕಿಗೆ ಇಡೀ ಸೆಟ್ಟನ್ನೇ ಕೂದಲೆಳೆಯಷ್ಟು ತಿರುಗಿಸುತ್ತ, ಕರಕರ ಸದ್ದು ಅಡಗಿ ಹಾಡುವವರು ಉಸಿರೆಳೆದುಕೊಳ್ಳುವುದು ಕೇಳಿಸುವ ತನಕ ಬಿಡುತ್ತಿರಲಿಲ್ಲ. ಮೀಡಿಯಂ ವೇವ್ ರೇಡಿಯೊ ಡಿಜಿಟಲ್ ಆಗಿ ಬಂದಾಗ ಅವರಿಗೆ ಹೇಸಿಗೆಯೇ ಹುಟ್ಟಿತು. ಕರಕರ ಇಲ್ಲ, ನಿಜ. ಆದರೆ ದನಿಯನ್ನು ಸೋಪು ಹಚ್ಚಿ ತಿಕ್ಕಿಬಿಟ್ಟಿದ್ದಾರೆ ಎನ್ನುವುದು ಅವರ ದೂರು.

“ಇದೊಂದು ದನಿ ಏನ್ರೀ? ಥೂ! ಹೆಣಕ್ಕ ಪೌಡರ್ ಹಚ್ಚಿದಂಗ ಐತಿ.”

ಅವರ ಹೆಂಡತಿ ರತ್ನಕ್ಕ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಾನುಲಿಗೆ ಒಂದು ತತ್ವಪದ ಹಾಡಿದ್ದರು. ಪ್ರಸಾರವಾದ ದಿನ ಊರಲ್ಲಿ ಕರೆಂಟಿರಲಿಲ್ಲ. ತಮ್ಮ ಹಾಡನ್ನು ತಾವೇ ಕೇಳಲಿಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಹಾಡು ಹೋಯಿತು, ಪಿಸುಮಾತು ಉಳಿಯಿತು. ಕಳೆದ ತಿಂಗಳು ಬಾನುಲಿ ನಿಲಯದಿಂದ ಫೋನ್ ಬಂತು: ಹಳೆಯ ಸಂಗ್ರಹದಿಂದ ಆ ಪದವನ್ನು ಭಾನುವಾರ ಬೆಳಿಗ್ಗೆ ಹಾಕುತ್ತಾರೆ, ಡಿಜಿಟಲ್ ಚಾನೆಲ್‌ನಲ್ಲಿ ಮಾತ್ರ.

ನಾನೇ ಹೊಸ ರಿಸೀವರ್ ತರಿಸಿಕೊಟ್ಟೆ. ಆ ಭಾನುವಾರ ರತ್ನಕ್ಕ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಲು ಹೊರಟರೆ ವೀರಬಸಪ್ಪ ಗದರಿದರು.

“ಬ್ಯಾಡ. ಆ ಹೊಲಸು ದನಿ ಇಟ್ಕೊಂಡು ಏನ್ ಮಾಡೋದೈತಿ?”

“ಅಕ್ಕಂಗೋಸ್ಕರ ಇರ್ಲಿ ಬಿಡಿ ಸಾರ್,” ಎಂದೆ. ಒಪ್ಪಲಿಲ್ಲ. ನಾನು ಫೋನನ್ನು ಜೇಬಿಗಿಟ್ಟೆ. ಅದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಮೊದಲು ತಂಬೂರಿ, ಆಮೇಲೆ ಹತ್ತೊಂಬತ್ತರ ರತ್ನಕ್ಕ. ನನಗಂತೂ ಚೆನ್ನಾಗಿಯೇ ಕೇಳಿಸಿತು. ಅವರ ತುಟಿಗಳು ಹಾಡಿನ ಜೊತೆಗೇ ಅಲುಗುತ್ತಿದ್ದವು. ಎರಡು ಸಾಲು ಮುಗಿದಿರಬೇಕು, ವೀರಬಸಪ್ಪನವರ ಮುಖ ಕಷಾಯ ಕುಡಿದಂತಾಯಿತು. “ಉಸಿರ ಇಲ್ಲ ಇದರಾಗ,” ಎಂದು ಗೊಣಗಿ, ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು.

ಹಾಡು ನಿಂತಿತು.

ಹಳೆಯ ಸೆಟ್ಟಾದರೆ ಕರಕರ ಎಂದಾದರೂ ಹಾಡುತ್ತಲೇ ಇರುತ್ತಿತ್ತು. ಇದು ಸಿಗ್ನಲ್ ತುಸು ತಪ್ಪಿದರೆ ಪೂರ್ತಿ ಬಾಯಿ ಮುಚ್ಚುತ್ತದೆ, ಮತ್ತೆ ಹಿಡಿದುಕೊಳ್ಳಲು ಕೆಲವು ಸೆಕೆಂಡು ಬೇಕು. “ಕೈ ತೆಗೀರಿ ಸಾರ್, ತಾನಾಗೇ ಬರುತ್ತೆ!” ಎಂದು ಕೂಗಿದೆ. ಆ ಕೈ ಸುಮ್ಮನಿರುವ ಕೈಯೇ? ಎಡಕ್ಕೆ, ಬಲಕ್ಕೆ, ಕಿಟಕಿಯ ಕಡೆಗೆ. ಸಿಗ್ನಲ್‌ಗೆ ಅಡ್ಡಿಯೆಂದು ಟ್ಯೂಬ್‌ಲೈಟ್ ಆರಿಸಿದರು, ಯಾರದೋ ಚಾರ್ಜರ್ ಕಿತ್ತೆಸೆದರು. ಅದು ಹಿಡಿದುಕೊಳ್ಳುವಷ್ಟರಲ್ಲಿ ಮತ್ತೆ ತಿರುಗಿಸಿದರು. ಮೂವತ್ತು ವರ್ಷ ನಾನು ಮೆಚ್ಚಿದ ಆ ಕೈಗಳನ್ನು ನೋಡಿ ನನಗೆ ಅಸಹ್ಯವಾಯಿತು. ಕೊನೆಗೆ ರಟ್ಟೆ ಹಿಡಿದು ಎಳೆದೆ.

ಸೆಟ್ಟು ಬಾಯಿ ಬಿಟ್ಟಾಗ ನಿರೂಪಕಿ ಸ್ಪಷ್ಟವಾಗಿ ಹೇಳುತ್ತಿದ್ದಳು: “ಹಾಡಿದವರು ಕುಮಾರಿ ರತ್ನಾ.”

ವೀರಬಸಪ್ಪ ಸೆಟ್ಟನ್ನು ಆಚೆ ತಳ್ಳಿದರು. “ಹೋಗ್ಲಿ ಬಿಡು. ಅದು ನಿನ್ನ ದನೀನ ಆಗಿರಲಿಲ್ಲ.”

ರತ್ನಕ್ಕ ಏನೋ ಅಂದರು. ಕೇಳಿಸಿಕೊಳ್ಳಲು ನಾವಿಬ್ಬರೂ ಬಗ್ಗಬೇಕಾಯಿತು.

“ನಂದ ಇತ್ರಿ. ನೀವು ಕೇಳಗೊಡ್ಲಿಲ್ಲ.”