ಕರನ್‌ಕಶೋ ಸಂಜೆ ನಾನು ದೀಪ ಆರಿಸಿದ್ದು

ರಂಜಾನ್ ತಿಂಗಳಲ್ಲಿ ನಮ್ಮ ಕ್ಲಿನಿಕ್ಕಿನ ಲ್ಯಾಬಿಗೆ ಬೆಳಗಿನ ಹೊತ್ತು ಬರುವವರು ಹೆಚ್ಚು. ಹೇಗೂ ಉಪವಾಸ ಇದ್ದೇವೆ, ಸಕ್ಕರೆ ಪರೀಕ್ಷೆಯೂ ಆಗಿಹೋಗಲಿ ಎಂದು ಬರುತ್ತಾರೆ. ರಕ್ತ ತೆಗೆಯುವ ಕೆಲಸ ನನ್ನದು. ನೀರು ಕುಡಿಯದವರ ತೋಳಿನಲ್ಲಿ ನರ ಸಿಗುವುದು ಕಷ್ಟ. ಪಟ್ಟಿ ಬಿಗಿದು, ಬೆರಳಿನಿಂದ ತಟ್ಟಿ, ಮುಷ್ಟಿ ಕಟ್ಟಿ ಬಿಡಿ ಎಂದು ಹೇಳಿ, ಕೊನೆಗೆ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಪಕ್ಕಕ್ಕೆ ಜಾರುತ್ತದೆ. ಹೋದ ವರ್ಷ ಒಂದು ದಿನ ಬೆಳಗಿನ ಹೊತ್ತೆಲ್ಲ ಅದೇ ಆಯಿತು. ಮಧ್ಯಾಹ್ನ ಮನೆಗೆ ಬಂದು ಚಪ್ಪಲಿ ಬಿಡುವಾಗ ಬಾಗಿದ ಸೊಂಟ ಮತ್ತೆ ನೆಟ್ಟಗಾಗಲು ಒಪ್ಪಲಿಲ್ಲ. ಸ್ವಲ್ಪ ಅಡ್ಡಾಗೋಣ ಎಂದರೆ ಮಗಳು ಆಗಲೇ ಕನ್ನಡಿಯ ಮುಂದೆ ನಿಂತಿದ್ದಳು. ಅಂದು ಕರನ್‌ಕಶೋ.

ರಂಜಾನ್ ಅರ್ಧ ಮುಗಿದ ಸಂಜೆ ಇಲ್ಲಿ ಒಮಾನಿನಲ್ಲಿ ಮಕ್ಕಳು ಹೊಸ ಬಟ್ಟೆ ತೊಟ್ಟು, ಕೈಯಲ್ಲಿ ಎರಡು ಕಲ್ಲು ಹಿಡಿದು ಟಕಟಕ ಬಡಿಯುತ್ತ, ಹಾಡುತ್ತ ಮನೆಮನೆಗೆ ಬರುತ್ತಾರೆ. ಮನೆಯವರು ಮಿಠಾಯಿ, ಚಿಪ್ಸು, ಬಾದಾಮಿ ಏನಾದರೂ ಅವರ ಚೀಲಕ್ಕೆ ಹಾಕಬೇಕು. ಅದೇ ಕರನ್‌ಕಶೋ. ಅಲ್ ಖೌದ್‌ನ ಫ್ಲ್ಯಾಟಿನಲ್ಲಿದ್ದಷ್ಟು ವರ್ಷ ಈ ಹಬ್ಬ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಮಹಡಿಗೆ ಯಾವ ಮಗುವೂ ಹತ್ತಿ ಬರುತ್ತಿರಲಿಲ್ಲ. ಅಲ್ ಮಬೇಲಾಕ್ಕೆ ಬಂದು ಒಂದು ವಿಲ್ಲಾದ ಕೆಳಮನೆ ಹಿಡಿದ ಮೊದಲ ವರ್ಷ ಬಾಗಿಲು ತೆರೆದರೆ ಇಪ್ಪತ್ತು ಮಕ್ಕಳು ನಿಂತಿದ್ದರು. ಕೊಡಲು ಏನೂ ಇರಲಿಲ್ಲ. ನಾಚಿಕೆಯಾಗಿ, ಡಬ್ಬಿಯಲ್ಲಿದ್ದ ಗ್ಲೂಕೋಸ್ ಬಿಸ್ಕತ್ತನ್ನು ಎರಡೆರಡು ಹಂಚಿದ್ದೆ.

ಹೋದ ವರ್ಷ ಹಾಗಾಗಬಾರದು ಎಂದು ಹಿಂದಿನ ದಿನವೇ ತಯಾರಿ ಮಾಡಿಕೊಂಡಿದ್ದೆ. ಟಾಫಿ, ವೇಫರ್, ಒಂದು ಸಣ್ಣ ಚಿಪ್ಸು, ಜೊತೆಗೆ ನಾನೇ ಮಾಡಿದ ಶೇಂಗಾ ಚಿಕ್ಕಿಯ ಒಂದು ತುಂಡು, ಇಷ್ಟನ್ನೂ ಬಣ್ಣದ ಪೊಟ್ಟಣಗಳಲ್ಲಿ ಕಟ್ಟಿ ಒಗೆದ ಬಟ್ಟೆ ಹಾಕುವ ದೊಡ್ಡ ಬುಟ್ಟಿಯಲ್ಲಿ ತುಂಬಿದ್ದೆ. ಮಗಳು ಜೊತೆಗೆ ಕೂತು ರಿಬ್ಬನ್ ಕಟ್ಟಿದ್ದಳು. ಅವಳಿಗೆ ಆಗ ಒಂಬತ್ತು ನಡೆಯುತ್ತಿತ್ತು. ಪಕ್ಕದ ಮನೆಯ ಒಮಾನಿ ಹೆಂಗಸು ತನ್ನ ಮಗಳದೊಂದು ಹಸಿರು ಜರಿಯ ಉಡುಪನ್ನೂ ತಲೆಯ ಮೇಲಿನ ಬಟ್ಟೆಯನ್ನೂ ಅವಳಿಗೆ ಕೊಟ್ಟಿದ್ದರು. ಆಕೆಯ ತಾಯಿಯ ಕಡೆಯವರು ಬಲೂಚಿಗಳು, ಹಾಗಾಗಿ ಹಿಂದಿ ಸಲೀಸು. ನನಗಿಂತ ಹಿರಿಯರು, ಐದು ಮಕ್ಕಳ ತಾಯಿ. ಮಗಳ ಬಾಯಲ್ಲಿ ಅವರು ಖಾಲಾ, ಎಂದರೆ ದೊಡ್ಡಮ್ಮ. ನನ್ನ ಬಾಯಲ್ಲೂ ಅದೇ ಆಗಿತ್ತು.

"ನಮ್ಮ ಓಣಿ ಬಿಟ್ಟು ಹೋಗಬ್ಯಾಡ. ಒಂದ್ ಮನಿಗೆ ಒಂದ ಸಲ. ಕೊಟ್ಟಷ್ಟ ತಗೊಂಡು ಶುಕ್ರನ್ ಅಂತ ಥ್ಯಾಂಕ್ಸ್ ಹೇಳಿ ಬರಬೇಕು," ಎಂದು ಮಗಳಿಗೆ ಹೇಳಿದೆ.

"ಐ ನೋ, ಮಮ್ಮಿ," ಎಂದು ಖಾಲಾನ ಮಕ್ಕಳ ಜೊತೆ ಓಡಿದಳು. ಹಸಿರು ಜರಿಯ ಕೆಳಗೆ ಶಾಲೆಯ ಕಪ್ಪು ಬೂಟು ಕಾಣುತ್ತಿತ್ತು.

ನನ್ನ ಗಂಡ ವಾರವಿಡೀ ದೂರದ ಇಬ್ರಾ ಊರಿನ ಕಡೆ ಸೈಟಿನಲ್ಲಿರುತ್ತಾರೆ, ಗುರುವಾರ ಸಂಜೆಗೆ ಬರುತ್ತಾರೆ. ಹಾಗಾಗಿ ಬಾಗಿಲಲ್ಲಿ ನಾನೊಬ್ಬಳೇ. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಗಿ, ಜನ ಉಪವಾಸ ಬಿಟ್ಟು, ಪ್ರಾರ್ಥನೆ ಮುಗಿಸುವಷ್ಟರಲ್ಲಿ ಓಣಿಯ ಆ ತುದಿಯಿಂದ ಕಲ್ಲಿನ ಸದ್ದು ಶುರುವಾಯಿತು.

ಮೊದಲು ಬಂದವರು ಪುಟ್ಟವರು. ಅಕ್ಕಂದಿರ ಕೈ ಹಿಡಿದು, ಹಾಡಿನ ಕೊನೆಯ ಪದ ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದರು. ಒಬ್ಬ ಹುಡುಗ ತನ್ನ ಟೋಪಿಯನ್ನೇ ಚೀಲ ಮಾಡಿಕೊಂಡಿದ್ದ. ಪೊಟ್ಟಣ ಹಾಕಿದಾಗ ಮುಖ ಅರಳುತ್ತಿತ್ತು. ನನ್ನ ಸೊಂಟವೂ ಆ ಸ್ವಲ್ಪ ಹೊತ್ತು ಸುಮ್ಮನಿತ್ತು.

ಆಮೇಲೆ ಕಾರುಗಳು ಬರತೊಡಗಿದವು. ಬೇರೆ ಕಡೆಯಿಂದ ಮಕ್ಕಳನ್ನು ತುಂಬಿಕೊಂಡು ಬಂದು ಓಣಿಯ ಬಾಯಲ್ಲಿ ಇಳಿಸಿ, ಆ ತುದಿಯಲ್ಲಿ ಹತ್ತಿಸಿಕೊಳ್ಳುತ್ತಿದ್ದರು. ಇವರಿಗೆ ಹಾಡಲು ಪುರಸೊತ್ತಿರಲಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದು, ಬಿದ್ದ ಪೊಟ್ಟಣವನ್ನು ಅಲ್ಲೇ ಬಿಚ್ಚಿ ನೋಡುತ್ತಿದ್ದರು. "ಬಸ್ ಹಾದಾ?" ಎಂದು ಒಬ್ಬ ಹುಡುಗ ನನ್ನ ಮುಖ ನೋಡಿದ. ಇಷ್ಟೇನಾ ಎಂದು. ಇನ್ನೊಬ್ಬ ಚಿಕ್ಕಿಯ ತುಂಡನ್ನು ಮೂಸಿ, ಮರ್ಯಾದೆಯಿಂದಲೇ, ನನ್ನ ಕೈಗೆ ವಾಪಸು ಕೊಟ್ಟ. ಕೆಂಪು ಉಡುಪಿನ ಹುಡುಗಿಯೊಬ್ಬಳು ಒಮ್ಮೆ ತಲೆ ಮುಚ್ಚಿ ಬಂದಳು, ಒಮ್ಮೆ ಜಡೆ ಬಿಟ್ಟು ಬಂದಳು, ಮತ್ತೊಮ್ಮೆ ಒಂದು ಕೂಸನ್ನು ಎತ್ತಿಕೊಂಡು ಬಂದು ಕೂಸಿನ ಪಾಲು ಕೇಳಿದಳು. ಕಾರಿನ ಕಿಟಕಿಯಿಂದ ಒಬ್ಬ ತಾಯಿ ಎರಡು ಬೆರಳು ತೋರಿಸಿ, ಮನೆಯಲ್ಲಿ ಇನ್ನಿಬ್ಬರಿದ್ದಾರೆ ಎಂದು ಸನ್ನೆ ಮಾಡಿದರು. ಕೊಟ್ಟೆ. ಇಲ್ಲ ಎನ್ನಲು ಬೇಕಾದಷ್ಟು ಅರಬ್ಬಿ ನನಗೆ ಬರುವುದಿಲ್ಲ. ಕ್ಲಿನಿಕ್ಕಿನಲ್ಲಿ ಕಲಿತದ್ದು ಕೈ ಕೊಡಿ, ನೋವಾಗುತ್ತದೆ, ಮುಗಿಯಿತು, ಇಷ್ಟೇ.

ಬುಟ್ಟಿಯ ತಳ ಕಂಡಿತು. ಒಳಗೆ ಹೋಗಿ ಮಗಳ ಟಿಫಿನ್ನಿಗೆ ಇಟ್ಟಿದ್ದ ಜ್ಯೂಸಿನ ಡಬ್ಬಿ ತಂದೆ. ಅದೂ ಮುಗಿಯಿತು. ಹುರಿದ ಶೇಂಗಾ ತಂದೆ, ಬಾಳೆಹಣ್ಣು ತಂದೆ. ಬಾಳೆಹಣ್ಣು ನೋಡಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಷ್ಟರಲ್ಲಿ ಮೀಸೆ ಚಿಗುರುತ್ತಿದ್ದ ನಾಲ್ಕೈದು ಹುಡುಗರು ನುಗ್ಗಿ, ಪುಟ್ಟವರನ್ನು ಸರಿಸಿ, ಬುಟ್ಟಿಯನ್ನೇ ಬಗ್ಗಿಸಿ ಒಳಗೆ ಕೈಯಾಡಿಸಿದರು. ಬುಟ್ಟಿಯ ಒಂದು ಹಿಡಿಕೆ ಕಿತ್ತುಬಂತು. ಶೇಂಗಾ ಮೆಟ್ಟಿಲ ತುಂಬ ಚೆಲ್ಲಿತು.

"ಏ, ಸಾಕಾತು, ಹೋಗ್ರೋ," ಎಂದೆ. ದನಿ ತಾನಾಗಿಯೇ ಏರಿತ್ತು.

ಹುಡುಗರು ಒಂದು ಕ್ಷಣ ನಿಂತರು. ಆಮೇಲೆ ಅವರಲ್ಲೊಬ್ಬ ಕಲ್ಲು ಬಡಿದು, "ಹೋಗ್ರೋ, ಹೋಗ್ರೋ," ಎಂದು ರಾಗ ಎಳೆದ. ಉಳಿದವರಿಗೂ ಅದು ಹಿಡಿಸಿತು. ಎಲ್ಲರೂ ಕೂಡಿ ಅದನ್ನೇ ಹಾಡುತ್ತ ಓಣಿಯಲ್ಲಿ ಮುಂದೆ ಹೋದರು.

ಬಾಗಿಲು ಹಾಕಿದೆ. ಹೊರಗಿನ ದೀಪ ಆರಿಸಿದೆ. ಕಿಟಕಿಗೆ ಬೆಳಕು ಕಾಣಬಾರದೆಂದು ಹಾಲ್‌ನ ದೀಪವನ್ನೂ ಆರಿಸಿ, ಚಪ್ಪಲಿ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಹೊರಗೆ ಬೆಲ್ಲು ಬಾರಿಸುತ್ತಲೇ ಇದ್ದರು. ಯಾರಿಗೋ ಹೆದರಿ ಅಡಗಿ ಕೂತವಳಂತೆ ಉಸಿರು ಸಣ್ಣ ಮಾಡಿಕೊಂಡಿದ್ದೆ. ಅಳು ಬರುವ ಹಾಗಿತ್ತು, ಆದರೆ ಅದಕ್ಕೂ ಶಕ್ತಿ ಬೇಕು.

ಆಗ ಗಂಡನ ಫೋನು ಬಂತು. "ಏನ್ ಮಾಡಾಕತ್ತೀ?"

"ಬಾಗಲಾ ಹಾಕ್ಕೊಂಡು ಕತ್ತಲದಾಗ ಕುಂತೀನಿ," ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗು ತಡೆಯುತ್ತಿರುವುದು ತಿಳಿಯುತ್ತಿತ್ತು.

"ಇವತ್ತ ಹೋಳಿ ಹುಣ್ಣಿವಿ ನೋಡು. ನಮ್ಮ ಊರಾಗ ಕಾಮಣ್ಣನ ಸುಡಾಕ ಹುಡುಗರು ಕಟಗಿ ಕುಳ್ಳು ಕೇಳ್ಕೋತ ಬಂದಿರ್ತಾವ. ನಾವೇನ್ ಕೊಟ್ಟಷ್ಟ ತಗೋತಿದ್ವೇನು? ಗೌಡರ ಹಿತ್ತಲದ ಬಾಗಲಾನ ಎತ್ಕೊಂಡು ಬಂದಿದ್ವಿ."

"ನೀವು ಅಲ್ಲಿ ಎಸಿ ರೂಮಿನ್ಯಾಗ ಕುಂತು ಕತಿ ಹೇಳಾಕತ್ತೀರಿ," ಎಂದೆ. ಅವರು ಮಾತು ತಿರುಗಿಸಿದರು. ಊಟ ಆಯಿತೇ ಎಂದು ಕೇಳಿದರು. ಆಗಿರಲಿಲ್ಲ. ಫೋನಿಟ್ಟೆ.

ಮತ್ತೆ ಬೆಲ್ಲು. ಈ ಸಲ "ಮಮ್ಮಿ, ಓಪನ್" ಎನ್ನುವ ದನಿ. ಕತ್ತಲಲ್ಲೇ ತೆರೆದೆ. ಮಗಳು ನನ್ನ ಒಳ್ಳೆಯ ದಿಂಬಿನ ಗವುಸೊಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ಎತ್ತಲಾಗದಷ್ಟು ತುಂಬಿತ್ತು. ಅವಳ ಹಿಂದೆ ಖಾಲಾ ನಿಂತಿದ್ದರು, ಕೈಯಲ್ಲಿ ಅದೇ ಬಗೆಯ ಇನ್ನೊಂದು ಗವುಸು. ಅದೂ ನಮ್ಮದೇ.

"ದೀಪ ಆರಿದ್ದು ನೋಡಿ ನಿನಗೆ ಹುಷಾರಿಲ್ಲವೇನೋ ಅಂತ ಬಂದೆ," ಎಂದರು ಹಿಂದಿಯಲ್ಲಿ.

"ಹುಷಾರಾಗಿದ್ದೇನೆ ಖಾಲಾ. ಕೊಡಲು ಏನೂ ಉಳಿದಿಲ್ಲ. ಈ ಮಕ್ಕಳು..." ಎಂದು ಶುರುಮಾಡಿ, ಕೆಂಪು ಉಡುಪಿನ ಹುಡುಗಿ ಮೂರು ಸಲ ಬಂದದ್ದನ್ನೂ ಹುಡುಗರು ಬುಟ್ಟಿ ಮುರಿದದ್ದನ್ನೂ ಹೇಳಿದೆ. ಹೇಳುತ್ತ ಹೋದಂತೆ ಮಗಳು ನನ್ನ ಹಿಂದೆ ಸರಿದು ಒಳಗೆ ಜಾರುವುದು ಕಂಡಿತು.

ಖಾಲಾ ತುಟಿ ಬಿಗಿದುಕೊಂಡಿದ್ದರು. "ನಿನ್ನ ಮಗಳು ನನ್ನ ಮನೆಗೆ ನಾಲ್ಕು ಸಲ ಬಂದಳು. ಪ್ರತಿ ಸಲವೂ ನನ್ನ ಮಗಳ ಜೊತೆ ತಲೆಬಟ್ಟೆ ಅದಲು ಬದಲು. ಮುಖ ಪೂರ್ತಿ ಮುಚ್ಚಿಕೊಂಡು, ದನಿ ಬದಲಿಸಿ ಹಾಡಿದಳು. ಬೂಟು ನೋಡಿ ಗುರುತು ಹಿಡಿದೆ."

ನಾನು ಎಲ್ಲಿ ನೋಡಬೇಕೋ ತಿಳಿಯದೆ ಮೆಟ್ಟಿಲ ಮೇಲಿನ ಶೇಂಗಾ ನೋಡಿದೆ. ಕ್ಷಮಿಸಿ ಎಂದೆ. ಆಕೆ ಕೈ ಬೀಸಿದರು. "ನನ್ನವೂ ನಿನ್ನ ಮನೆಗೆ ಎಷ್ಟು ಸಲ ಬಂದಿವೆಯೋ ಯಾರಿಗೆ ಗೊತ್ತು. ಮಕ್ಕಳು ಅಂದರೆ ಅಷ್ಟೇ. ನೀನು ಏನಾದರೂ ತಿನ್ನು, ಮುಖ ಬಾಡಿದೆ," ಎಂದು ಗವುಸನ್ನು ಒಳಗಿಟ್ಟು ಹೋದರು.

ಮಗಳು ಹಾಲ್‌ನ ನೆಲದ ಮೇಲೆ ಗವುಸಿಗೆ ಒರಗಿ ಕೂತಿದ್ದಳು. ನನಗೆ ಬುದ್ಧಿ ಹೇಳುವ ತ್ರಾಣ ಇರಲಿಲ್ಲ. ಹೊರಗೆ ಮತ್ತೆ ಕಲ್ಲಿನ ಸದ್ದು ಬಂತು. ದೀಪ ಹಾಕಿದೆ, ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲಿಗೆ ಎಳೆದೆ.

"ನಿನಗ ಬೇಕಾಗಿದ್ದು ಒಂದ್ ಬಾಕ್ಸಿನ್ಯಾಗ ತಗದಿಟ್ಕೋ. ಉಳಿದಿದ್ದು ನೀನ ಕೊಡು. ನಾ ಎದ್ದು ನಿಲ್ಲೂದಿಲ್ಲ ಇನ್ನ," ಎಂದೆ.

"ದಟ್ಸ್ ನಾಟ್ ಫೇರ್. ನಾ ನಡದು ನಡದು ತಂದೀನಿ."

"ಹೌದು. ನಾಕ್ ನಾಕ್ ಸಲ ನಡದೀದಿ."

"ಎವ್ರಿಬಡಿ ಡಸ್ ಇಟ್, ಮಮ್ಮಿ."

"ಗೊತ್ತಾತು ನನಗ."

ಅತ್ತಳು. ಅಳುತ್ತಲೇ ಆರಿಸತೊಡಗಿದಳು. ಚಾಕೊಲೇಟು ಒಂದು ಕಡೆ, ಅಂಟು ಮಿಠಾಯಿ ಒಂದು ಕಡೆ. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ತೀರ್ಮಾನ ಮಾಡುತ್ತಿದ್ದಳು. ಬಾಗಿಲಲ್ಲಿ ಮಕ್ಕಳು ಕಾಯುತ್ತ ನಿಂತು ಅದನ್ನೇ ನೋಡುತ್ತಿದ್ದರು. ಕೊನೆಗೆ ಮೂಗು ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು.

ಅವಳಂಥ ಜಿಪುಣ ಯಜಮಾನಿಯನ್ನು ನಾನು ನೋಡಿಲ್ಲ. ಓಣಿಯಲ್ಲಿ ಆಡಿ ಕಲಿತ ಅರಬ್ಬಿಯಲ್ಲಿ, ಮೊದಲು ಹಾಡಿ ಎನ್ನುತ್ತಿದ್ದಳು. ಪೂರ್ತಿ ಹಾಡದವರಿಗೆ ಮತ್ತೆ ಹಾಡಿಸುತ್ತಿದ್ದಳು. ಒಬ್ಬೊಬ್ಬರಿಗೆ ಒಂದೇ, ಅದೂ ಅವಳು ಆರಿಸಿದ್ದು. ಕೈ ಮುಂದೆ ಬಂದರೆ "ಖಲಾಸ್" ಎಂದು ಗವುಸಿನ ಬಾಯಿ ಮುಚ್ಚಿ ಹಿಡಿಯುತ್ತಿದ್ದಳು. ಕೆಂಪು ಉಡುಪಿನ ಹುಡುಗಿ ಅವಳಿಂದಲೂ ಒಂದು ತಗೊಂಡು ಹೋಗಿ, ಮತ್ತೆ ಯಾರದೋ ಕನ್ನಡಕ ಹಾಕಿಕೊಂಡು ಬಂದಳು. ಮಗಳು ಅವಳ ಚಪ್ಪಲಿಯ ಕಡೆ ಬೆರಳು ತೋರಿಸಿದಳು. ಆ ಹುಡುಗಿ ಕನ್ನಡಕ ತೆಗೆದು, ಬೇಜಾರೇನೂ ಇಲ್ಲದೆ ಹೊರಟುಹೋದಳು.

ದೊಡ್ಡ ಹುಡುಗರೂ "ಹೋಗ್ರೋ, ಹೋಗ್ರೋ" ಹಾಡುತ್ತ ತಿರುಗಿ ಬಂದರು. ನಾನು ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಮಗಳು ಅವರಿಗೆ ಏನೋ ಹೇಳಿದಳು. ಅವರು ಒಳಗೆ ಇಣುಕಿ ನನ್ನನ್ನು ನೋಡಿದರು. ಸಾಲಾಗಿ ನಿಂತರು. ಒಂದೊಂದೇ ಟಾಫಿ ತಗೊಂಡು ಹೋದರು.

"ಏನಂದಿ ಅವರಿಗೆ?"

"ಐ ಟೋಲ್ಡ್ ದೆಮ್, ನನ್ನ ಮಮ್ಮಿ ಕ್ಲಿನಿಕ್ಕಿನ್ಯಾಗ ಸೂಜಿ ಚುಚ್ಚಿ ಬ್ಲಡ್ ತಗೀತಾಳ ಅಂತ."

ನಗಲು ಹೋದರೆ ಸೊಂಟ ಹಿಡಿದುಕೊಂಡಿತು. ಅಲ್ಲೇ ಗೋಡೆಗೆ ಒರಗಿ, ಯಾರಿಗೂ ಬೇಡವಾಗಿ ಉಳಿದಿದ್ದ ಬಾಳೆಹಣ್ಣು ಸುಲಿದು ತಿಂದೆ. ಅದೇ ನನ್ನ ಊಟವಾಯಿತು.

ಇಶಾ ಪ್ರಾರ್ಥನೆಯ ಕರೆಗೆ ಓಣಿ ತೆರವಾಯಿತು. ಒಂದು ಗವುಸು ಪೂರ್ತಿ ಖಾಲಿ, ಇನ್ನೊಂದರಲ್ಲಿ ಸ್ವಲ್ಪ ಉಳಿದಿತ್ತು. ಮಗಳು ಜರಿಯ ಉಡುಪಿನಲ್ಲೇ ಸೋಫಾದ ಮೇಲೆ ನಿದ್ದೆಹೋಗಿದ್ದಳು, ತನ್ನ ಬಾಕ್ಸನ್ನು ಹೊಟ್ಟೆಗೆ ಅವುಚಿಕೊಂಡು. ಆ ಬೂಟು ಬಿಚ್ಚಿದೆ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಎಷ್ಟು ನಡೆದಿದ್ದಳೋ. ಹೊರಗೆ ಮೆಟ್ಟಿಲು, ಅಂಗಳ, ಗೇಟಿನ ಬದಿಯೆಲ್ಲ ಮಿಠಾಯಿ ಕಾಗದ. ಗುಡಿಸಲು ಪೊರಕೆ ಹಿಡಿದವಳು, ಬೆಳಗ್ಗೆ ನೋಡೋಣ ಎಂದು ಅದನ್ನು ಮೂಲೆಗಿಟ್ಟು ಮಲಗಿದೆ. ಮರುದಿನ ಐದೂವರೆಗೆ ಎದ್ದು ಗುಡಿಸಿ ಕೆಲಸಕ್ಕೆ ಹೋದೆ.

ಈ ವರ್ಷ ರಂಜಾನ್ ಶುರುವಾದಾಗಲೇ ಖಾಲಾ ಒಂದು ಮಾತು ಹೇಳಿದರು. ಎರಡು ಮನೆಯವರು ಬೇರೆಬೇರೆ ಬಾಗಿಲಲ್ಲಿ ಯಾಕೆ ಸಾಯಬೇಕು, ನನ್ನ ಗೇಟಿನಲ್ಲಿ ಚಾಪೆ ಹಾಸಿ ಕೂಡೋಣ, ನಿನ್ನದು ನನ್ನದು ಒಂದೇ ಪಾತ್ರೆಗೆ ಹಾಕಿಬಿಡೋಣ ಎಂದು. ಹಾಗೇ ಮಾಡಿದೆವು. ಇಬ್ಬರೂ ಗೋಡೆಗೆ ದಿಂಬು ಇಟ್ಟು ಒರಗಿ ಕೂತೆವು. ಇಡೀ ದಿನದ ಉಪವಾಸ, ಐದು ಮಕ್ಕಳ ಅಡುಗೆ ಮುಗಿಸಿ ಬಂದ ಆಕೆಯೂ ನನ್ನಷ್ಟೇ ದಣಿದಿದ್ದರು. ಅದು ಪಕ್ಕದಲ್ಲಿ ಕೂತಾಗಲೇ ನನಗೆ ತಿಳಿದದ್ದು.

ಮಕ್ಕಳು ಒಬ್ಬೊಬ್ಬರೂ ಎರಡೆರಡು ಸಲ ಬಂದರು. ಖಾಲಾಗೆ ಗೊತ್ತಾಗುತ್ತಿತ್ತು, ನನಗೂ ಗೊತ್ತಾಗುತ್ತಿತ್ತು. ಮುಖ ಮುಚ್ಚಿಕೊಂಡ ಒಬ್ಬ ಹುಡುಗಿಗೆ ಮೂರನೆಯ ಸಲ ಚಾಕೊಲೇಟು ಹಾಕುತ್ತ ಆಕೆ ನನ್ನ ಕಡೆ ತಿರುಗಿ, "ಇದು ನಿನ್ನದೋ ನನ್ನದೋ?" ಎಂದು ಹಿಂದಿಯಲ್ಲಿ ಕೇಳಿದರು.

ಬಗ್ಗಿ ಅವಳ ಬೂಟು ನೋಡಬಹುದಿತ್ತು. "ಯಾರದಾದರೂ ಆಗಲಿ ಬಿಡಿ ಖಾಲಾ," ಎಂದು ಕೂತಲ್ಲೇ ಕಾಲು ಚಾಚಿದೆ.