ಹಣೆಯ ಆ ಒಂದು ಗೆರೆ

ಶ್ರಾವ್ಯಾ, ನಿಶಾಂತಾ, ನೀವು ಪುತ್ತೂರಿನ ಕಾಲೇಜಿನಲ್ಲಿ ಮಾಡಿದ ಕಾಮಿಕ್ಸ್ ಪುಸ್ತಕದಲ್ಲಿ ಭೂತದ ಮುಖ ಬರೆದವಳು ಅಜ್ಜಿ ಎಂದು ಅಚ್ಚಾಗಿದೆ. ಆ ಗೆರೆಗಳು ನನ್ನವಲ್ಲ.

ಭೂತದ ಕೋಲಕ್ಕೆ, ಭೂತ ಕಟ್ಟಿ ಕುಣಿಯುವವರ ಮುಖಕ್ಕೆ ಬಣ್ಣ ಬರೆಯುವವರೊಬ್ಬರು ನಮ್ಮ ನೆರೆಯಲ್ಲಿದ್ದರು. ಬಿಡುವಿದ್ದಾಗ ತೆಂಗಿನ ಕಡ್ಡಿಯಿಂದ ಅಡಿಕೆ ಹಾಳೆಯ ಮೇಲೆ ಮುಖ ಬರೆಯುತ್ತಿದ್ದರು. ನಾನು ನೋಡಿ ಕಲಿತೆ. ಅವರು ಉಸಿರು ಬಿಗಿಹಿಡಿದು ಎಲ್ಲ ಗೆರೆ ಎಳೆದು, ಹಣೆಯ ನಡುವಿನದ್ದೊಂದನ್ನು ಮಾತ್ರ ಬಿಟ್ಟು ಕಡ್ಡಿ ಒರೆಸಿಡುತ್ತಿದ್ದರು.

"ಅದು ಕೋಲದ ದಿನಕ್ಕೆ ಅಮ್ಮ. ಈಗಲೇ ಎಳೆದು ಭೂತ ಹಾಳೆಗೇ ಬಂದ್ರೆ ನಿಮಗೆ ಅಡಿಗೆ ಮಾಡ್ಲಿಕ್ಕೆ ಬಿಡ್ಲಿಕ್ಕಿಲ್ಲ ಮತ್ತೆ!" ಎಂದು ನಗುತ್ತಿದ್ದರು.

ಪುಸ್ತಕಕ್ಕೆ ಬರೆಯುವಾಗ, ಚಂದ ಕಾಣಲೆಂದು, ನಾನು ಆ ಗೆರೆಯನ್ನೂ ಎಳೆದೆ.

ಅಚ್ಚಾದ ಪುಸ್ತಕವನ್ನು ಅವರು ನಮ್ಮ ಜಗಲಿಯಲ್ಲಿ ಕುಳಿತು ನೋಡಿದರು. ನನ್ನ ಹೆಸರು ಅಚ್ಚಾದ ಬಗ್ಗೆ ಏನೂ ಕೇಳಲಿಲ್ಲ. ಚಿತ್ರದ ಹಣೆಗೆ ಬೆರಳಿಟ್ಟು, "ಇದು ಎಳೆದದ್ದು ಯಾರು ಅಮ್ಮ?" ಎಂದರು.

"ಮಕ್ಕಳು. ಅವಕ್ಕೆ ಎಂತ ಗೊತ್ತುಂಟು," ಎಂದೆ.

"ಹೌದಾ, ಮಕ್ಕಳಲ್ವಾ," ಎಂದು ಪುಸ್ತಕವನ್ನು ಎರಡೂ ಕೈಯಿಂದ ನನಗೆ ಕೊಟ್ಟರು. ಆಮೇಲೆ ನನ್ನೆದುರು ಅವರು ಬರೆಯಲೇ ಇಲ್ಲ. ಈಗ ಅವರಿಲ್ಲ.

ಈ ಕಾಗದವನ್ನು ಆ ಮುಖವಿರುವ ಪುಟದಲ್ಲೇ ಇಟ್ಟುಕೊಳ್ಳಿ ಮಕ್ಕಳೇ. ಯಾರಾದರೂ ಚಿತ್ರವನ್ನು ಹೊಗಳಿದರೆ ತೆಗೆದು ಓದಿ ಹೇಳಿ.